ವೈಪರಿನ ರಬ್ಬರು ಮತ್ತು ಅದರ ಬೆಲೆ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಎಂಬ ಈ ಮೂರು ಊರುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳಲ್ಲಿದ್ದು, ಆಮೇಲೆ ಆಂಧ್ರಪ್ರದೇಶಕ್ಕೂ 2014ರಿಂದ ತೆಲಂಗಾಣಕ್ಕೂ ಸೇರಿದವು. ಕನ್ನಡದ ಮಾತು ಇಂದಿಗೂ ಕೇಳಿಬರುವ ಈ ಗಡಿನಾಡಿನಲ್ಲಿ ವರ್ಷದ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗಾಗಿ ಸುರಿದು ಮುಗಿಯುವುದರಿಂದ, ಮೋಟಾರು ವಾಹನದ ಮುಂಗಾಜನ್ನು ಒರಸುವ ವೈಪರು ಉಳಿದ ಎಂಟು ತಿಂಗಳ ಕಾಲ ಬಹುಮಟ್ಟಿಗೆ ನಿಶ್ಚೇಷ್ಟವಾಗಿ ಗಾಜಿನ ತಳದಲ್ಲಿ ಬಿಸಿಲಿಗೊಡ್ಡಿಕೊಂಡು ಬಿದ್ದಿರುತ್ತದೆ. ಕೆಲಸವಿಲ್ಲದೆ ಇದ್ದ ಉಪಕರಣವು ಸವೆದಿರಲಾರದೆಂದು ನಂಬುವುದು ಸಹಜ. ಆದರೆ ಈ ಒಂದು ಉಪಕರಣದ ವಿಷಯದಲ್ಲಿ ಆ ನಂಬಿಕೆಯು ಅಪಾಯಕರವಾದುದು. ಮೃಗಶಿರೆಯ ಮೊದಲ ಬಿರುಮಳೆಯಲ್ಲಿ ಪುಣೆಯ ಹೆದ್ದಾರಿಯ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗದಿಂದ ಬರುತ್ತಿರುವ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಸಾಗುತ್ತಿರುವಾಗ, ಕಣ್ಣೆದುರಿನ ಗಾಜು ಒಂದೆರಡು ಸೆಕೆಂಡುಗಳಷ್ಟು ಮಸುಕಾದರೂ ಆಗಬಹುದಾದ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಅಂಗಡಿಗೆ ಹೋಗುವ ಮುನ್ನ ಈ ಚಿಕ್ಕ ಯಂತ್ರದ ಒಳಗುಟ್ಟನ್ನು ತಿಳಿಯತಕ್ಕದ್ದು. ವೈಪರಿನ ರಬ್ಬರಿನ ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ, ಮೇಲೆ ಚೌಕಟ್ಟಿನ ಹಿಡಿತಕ್ಕೆ ಸಿಕ್ಕುವ ದಪ್ಪನೆಯ ತಲೆ, ಅದರ ಕೆಳಗೆ ಬಹು ತೆಳುವಾದ ಕತ್ತು, ಕತ್ತಿನ ಕೆಳಗೆ ಬೆಣೆಯಂತೆ ಕಿರಿದಾಗುತ್ತ ಬಂದು ಚೂಪಾದ ಮೂಲೆಗಳಲ್ಲಿ ಕೊನೆಗೊಳ್ಳುವ ತುಟಿ, ಹೀಗೆ ಮೂರು ಅಂಗಗಳು ಕಾಣುವುವು. ಆ ತುಟಿಯ ಅಗಲ ಒಂದು ಮಿಲಿಮೀಟರಿಗೂ ಕಡಿಮೆ. ತೋಳು ಚಲಿಸಲು ತೊಡಗಿದೊಡನೆ ತೆಳುವಾದ ಕತ್ತು ಬಾಗಿ, ತುಟಿಯು ಚಲನೆಯ ದಿಕ್ಕಿಗೆ ಹಿಂದಾಗಿ, ಗಾಜಿನೊಡನೆ ಸುಮಾರು 45 ಅಂಶಗಳ ಕೋನದಲ್ಲಿ ಒರಗುತ್ತದೆ. ಆಗ ಗಾಜನ್ನು ಮುಟ್ಟುವುದು ತುಟಿಯ ಒಂದು ಮೂಲೆ ಮಾತ್ರ. ತೋಳು ದಂಡೆಯನ್ನು ಮುಟ್ಟಿ ಹಿಂದಿರುಗುವ ಕ್ಷಣದಲ್ಲಿ ತುಟಿಯು ಮಗುಚಿಕೊಂಡು ಇನ್ನೊಂದು ಮೂಲೆಯ ಮೇಲೆ ನಿಲ್ಲಬೇಕು. ನಿಮಿಷಕ್ಕೆ 60 ಸುತ್ತು ತಿರುಗುವ ವೈಪರಿನಲ್ಲಿ ಈ ಮಗುಚುವಿಕೆಯು ಒಂದು ಗಂಟೆಯ ಮಳೆಯಲ್ಲಿ 7200 ಬಾರಿ ನಡೆಯುತ್ತದೆ. ವೈಪರಿನ ಗುಣವೆಲ್ಲ ಈ ಒಂದು ಕ್ರಿಯೆಯಲ್ಲಿ ಅಡಗಿದೆಯೆಂದು ನಾನು ನಂಬಿರುವೆನು. ರಬ್ಬರು ಮೃದುವಾಗಿದ್ದರೆ ತುಟಿಯು ನಿಶ್ಶಬ್ದವಾಗಿ ಮಗುಚುವುದು. ಗಡುಸಾಗಿದ್ದರೆ ಮಗುಚಲಾರದೆ, ಹಿಂದಿರುಗುವಾಗ ಎಳೆಯಲ್ಪಡುವ ಬದಲು ಮುಂದಕ್ಕೆ ನೂಕಲ್ಪಟ್ಟು, ಗಾಜಿಗೆ ಒಮ್ಮೆ ಅಂಟಿ ಒಮ್ಮೆ ಜಾರುತ್ತ ಕಟಕಟನೆ ಕುಪ್ಪಳಿಸುವುದು. ಒಂದು ದಿಕ್ಕಿನಲ್ಲಿ ಚೊಕ್ಕಟವಾಗಿ ಒರಸಿ ಇನ್ನೊಂದು ದಿಕ್ಕಿನಲ್ಲಿ ಪಟ್ಟೆಪಟ್ಟೆಯಾಗಿ ನೀರು ಬಿಡುವ ವೈಪರಿನ ರೋಗ ಸಾಮಾನ್ಯವಾಗಿ ಇದೇ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಗಮನಿಸಬೇಕು. ವೈಪರು ನೀರನ್ನು ಪೂರ್ಣವಾಗಿ ತೆಗೆಯುವುದಿಲ್ಲ, ತೆಗೆಯಲೂ ಬಾರದು. ಉತ್ತಮವಾದ ಅಂಚು ತನ್ನ ಹಿಂದೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಆದರೆ ಸಮವಾದ ಒಂದು ಜಲಪಟಲವನ್ನು ಉಳಿಸಿ ಹೋಗುತ್ತದೆ. ಪಟಲವು ಸಮವಾಗಿರುವುದರಿಂದಲೇ ಬೆಳಕು ಚೆದರದೆ ನೇರವಾಗಿ ಒಳಬರುತ್ತದೆ. ಆ ಪಟಲವೇ ರಬ್ಬರಿಗೂ ಗಾಜಿಗೂ ನಡುವಣ ಸ್ನೇಹದ್ರವ್ಯ. ಒಣಗಾಜಿನ ಮೇಲೆ ರಬ್ಬರಿನ ಘರ್ಷಣೆಯು ಒದ್ದೆಗಾಜಿನ ಮೇಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು; ಧೂಳು ಹಿಡಿದ ಗಾಜಿನ ಮೇಲೆ ನೀರಿಲ್ಲದೆ ವೈಪರನ್ನು ಓಡಿಸುವವರು ಕೆಲವೇ ಕ್ಷಣಗಳಲ್ಲಿ ಒಂದು ಮಳೆಗಾಲದ ಆಯುಷ್ಯವನ್ನು ಕಳೆಯಬಲ್ಲರು.

ತುಟಿಯನ್ನು ಗಾಜಿಗೆ ಒತ್ತುವುದು ತೋಳಿನ ಬುಡದಲ್ಲಿರುವ ಸ್ಪ್ರಿಂಗಿನ ಕೆಲಸ. ಆ ಒತ್ತಡ, ಬ್ಲೇಡಿನ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಗ್ರಾಮಿನಷ್ಟು, ಒಂದೇ ಬಿಂದುವಿನಲ್ಲಿ ಬ್ಲೇಡನ್ನು ಹಿಡಿದ ತೋಳಿನಿಂದ ಬಂದು ಬ್ಲೇಡಿನ ಉದ್ದಗಲಕ್ಕೂ ಸಮನಾಗಿ ಹಂಚಿಕೆಯಾಗಬೇಕು, ಗಾಜಾದರೋ ಸಮತಲವಲ್ಲ. ಹಳೆಯ ಮಾದರಿಯ ಲೋಹದ ಚೌಕಟ್ಟಿನಲ್ಲಿ ಈ ಸಮಸ್ಯೆಯನ್ನು ಬಿಡಿಸಿರುವ ರೀತಿ ನಮ್ಮ ರೈತನಿಗೆ ಹೊಸದಲ್ಲ: ನಡುವೆ ಒಂದು ಕಡೆ ಕಟ್ಟಿದ ನೊಗವು ಎರಡು ಎತ್ತುಗಳಿಗೂ ಭಾರವನ್ನು ಸಮನಾಗಿ ಹಂಚುವಂತೆ, ದೊಡ್ಡದೊಂದು ಸನ್ನೆಗೋಲಿನ ಎರಡು ತುದಿಗಳಲ್ಲಿ ಎರಡು ಚಿಕ್ಕ ಸನ್ನೆಗೋಲುಗಳು, ಅವುಗಳ ತುದಿಗಳಲ್ಲಿ ಮತ್ತೂ ಚಿಕ್ಕವು, ಕೊನೆಗೆ ರಬ್ಬರನ್ನು ಹಿಡಿದ ಆರೋ ಎಂಟೋ ಕೊಕ್ಕೆಗಳು. ಈ ಸಂದುಗಳಲ್ಲಿ ಧೂಳು ತುಂಬಿ ಬಿಗಿದುಕೊಂಡರೆ ಹಂಚಿಕೆ ಕೆಡುವುದು. ಇತ್ತೀಚಿನ ಚಪ್ಪಟೆ ಬ್ಲೇಡುಗಳಲ್ಲಿ ಸನ್ನೆಗೋಲುಗಳಿಲ್ಲ. ಗಾಜಿನ ಬಾಗಿಗಿಂತ ಹೆಚ್ಚಾಗಿ ಬಾಗಿಸಿದ ಉಕ್ಕಿನ ಪಟ್ಟಿಯೇ ಆ ಕೆಲಸವನ್ನು ಮಾಡುತ್ತದೆ. ಸಂದುಗಳಿಲ್ಲದ ಕಾರಣ ಧೂಳಿನ ಊರುಗಳಿಗೆ ಅವು ಉಚಿತವೆಂದು ನನ್ನ ಅಭಿಪ್ರಾಯ. ಆದರೆ ಗಾಜಿನ ಬಾಗಿಗೂ ಪಟ್ಟಿಯ ಬಾಗಿಗೂ ಹೊಂದಿಕೆಯಿಲ್ಲದಿದ್ದಲ್ಲಿ ತುದಿಗಳಾಗಲಿ ಮಧ್ಯವಾಗಲಿ ಗಾಜನ್ನು ಮುಟ್ಟದೆ ಉಳಿಯುವ ಸಂಭವವೂ ಅವುಗಳಲ್ಲೇ ಹೆಚ್ಚು.

ಈಗ ಬೇಸಗೆಯ ವಿಷಯ. ನೈಸರ್ಗಿಕ ರಬ್ಬರಿನ ಅಣುಸರಪಣಿಯಲ್ಲಿ ಇಂಗಾಲದ ಪರಮಾಣುಗಳ ನಡುವೆ ಉಳಿದಿರುವ ದ್ವಿಬಂಧಗಳೇ ಅದರ ದುರ್ಬಲ ಸ್ಥಾನಗಳು. ಬಿಸಿಲಿನ ತಾಪದಲ್ಲಿ ಆಮ್ಲಜನಕವು ರಬ್ಬರನ್ನು ನಿಧಾನವಾಗಿ ಗಡುಸಾಗಿಸುತ್ತದೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನು ಆ ದ್ವಿಬಂಧಗಳನ್ನೇ ಕಡಿದು, ಎಲ್ಲಿ ರಬ್ಬರು ಬಾಗಿ ಹಿಗ್ಗಿದೆಯೋ ಅಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಹುಟ್ಟಿಸುತ್ತದೆ. ನಿಂತ ವೈಪರಿನ ತುಟಿಯು ತಿಂಗಳುಗಟ್ಟಲೆ ಒಂದೇ ಪಕ್ಕಕ್ಕೆ ಬಾಗಿ ಒತ್ತಲ್ಪಟ್ಟಿರುತ್ತದಷ್ಟೆ. ಉಷ್ಣತೆ 40 ಡಿಗ್ರಿಗಳನ್ನು ಮೀರುವ ಏಪ್ರಿಲ್ ಮೇ ತಿಂಗಳುಗಳಲ್ಲಿ, ಗಾಜೂ ಬಾನೆಟ್ಟಿನ ತಗಡೂ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುವಾಗ, ಆ ಬಾಗು ಶಾಶ್ವತವಾಗಿಬಿಡುವುದು. ಮಳೆ ಬಂದಾಗ ಮಗುಚಲಾರದ ತುಟಿಯು ಸಿದ್ಧವಾಗಿರುತ್ತದೆ. ಮಲೆನಾಡಿನಲ್ಲಿ ವೈಪರು ದುಡಿದು ಸಾಯುವುದಾದರೆ ಈ ಸೀಮೆಯಲ್ಲಿ ಕಾದು ಸಾಯುವುದು.

ಧೂಳಿನಲ್ಲೂ ಭೇದವಿದೆ. ತಾಂಡೂರಿನ ಕಲ್ಲು, ಕರ್ನಾಟಕದ ಮನೆಮನೆಯೂ ಬಲ್ಲ ಶಹಾಬಾದಿ ಕಲ್ಲಿನ ದಾಯಾದಿ, ಸುಣ್ಣದ ಕಲ್ಲಾದ್ದರಿಂದ ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಕಾಠಿನ್ಯ ಮೋಸ್ ಮಾನದಲ್ಲಿ 3 ಮಾತ್ರ. ಗಾಜಿನದು ಸುಮಾರು 5.5. ಆದುದರಿಂದ ಕಲ್ಲು ಕೊಯ್ಯುವ, ನಯಗೊಳಿಸುವ ಕಾರ್ಖಾನೆಗಳ ಬಿಳಿಯ ಧೂಳು ರಬ್ಬರಿನ ಅಂಚನ್ನು ಉಜ್ಜಿ ತೇಯಬಹುದಾದರೂ ಗಾಜನ್ನು ಗೀರುವುದಿಲ್ಲ. ರಸ್ತೆಯ ಮರಳಿನಲ್ಲಿರುವ ಸ್ಫಟಿಕಶಿಲೆಯ ಕಣವಾದರೋ 7ರ ಕಾಠಿನ್ಯದ್ದು. ಅದು ರಬ್ಬರಿನಲ್ಲಿ ಹೂತುಕೊಂಡರೆ ಪ್ರತಿ ಸುತ್ತಿನಲ್ಲೂ ಗಾಜಿನ ಮೇಲೆ ಅರ್ಧಚಂದ್ರಾಕಾರದ ಗೆರೆಯನ್ನು ಬರೆಯುವುದು, ಆ ಗೆರೆಗೆ ಪರಿಹಾರವಿಲ್ಲ. ತಾಂಡೂರಿನ ಸುತ್ತಣ ಸಿಮೆಂಟು ಕಾರ್ಖಾನೆಗಳ ಮಗ್ಗುಲಲ್ಲಿ ನಿಲ್ಲುವ ಲಾರಿಗಳಿಗೆ ಮೂರನೆಯ ಉಪದ್ರವವೊಂದುಂಟು: ಸಿಮೆಂಟಿನ ಧೂಳು ಇಬ್ಬನಿಯಲ್ಲಿ ನೆನೆದರೆ ಗಾಜಿನ ಮೇಲೆಯೇ ಗಟ್ಟಿಗೊಳ್ಳುತ್ತದೆ. ಅಂಥ ಗಾಜನ್ನು ಮೊದಲು ಧಾರಾಳವಾಗಿ ನೀರು ಸುರಿದು ಬಟ್ಟೆಯಿಂದ ತೊಳೆಯಬೇಕಲ್ಲದೆ ವೈಪರಿನಿಂದ ಒರಸತಕ್ಕದ್ದಲ್ಲ. ರಬ್ಬರನ್ನು ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ಉಜ್ಜುವ ಪದ್ಧತಿಯೂ ಕೆಟ್ಟದ್ದು. ನೈಸರ್ಗಿಕ ರಬ್ಬರು ಅವುಗಳಲ್ಲಿ ಉಬ್ಬಿ ಆಕಾರಗೆಡುವುದು. ಸಾಬೂನಿನ ನೀರೂ ಒದ್ದೆ ಬಟ್ಟೆಯೂ ಸಾಕು.

ಇನ್ನು ಬಿಸಿಲಿನಿಂದ ವೈಪರನ್ನು ಕಾಯುವ ಬಗೆ. ಅಮೆರಿಕದ ಅಲಬಾಮಾ ಪ್ರಾಂತದ ಮೇರಿ ಆಂಡರ್ಸನ್ ಎಂಬಾಕೆ 1903ನೆಯ ನವೆಂಬರ್ 10ರಂದು ಪೇಟೆಂಟು ಪಡೆದ ವೈಪರಿನಲ್ಲಿ, ಒಳಗಿನಿಂದ ಕೈಯಿಂದ ಎಳೆಯುವ ಸನ್ನೆಯಿತ್ತು. ಹವೆ ಚೆನ್ನಾಗಿರುವ ಕಾಲದಲ್ಲಿ ಅದನ್ನು ಕಳಚಿಡಬಹುದೆಂಬುದೂ ಆಕೆಯ ಯೋಜನೆಯ ಒಂದು ಭಾಗವಾಗಿತ್ತು. ನಮ್ಮ ಬೇಸಗೆಯನ್ನು ಕಂಡವರಿಗೆ ಆ ದೂರದೃಷ್ಟಿಯು ಮೆಚ್ಚಿಕೆಯಾಗದಿರದು. ಇಂದಿನ ಬರಿಯ ತೋಳನ್ನು ಹಾಗೆಯೇ ಬಿಟ್ಟರೆ ಗಾಜಿಗೆ ಅಪಾಯವಾದುದರಿಂದ ಕಳಚುವುದು ಸಲ್ಲದು. ನೆರಳಿನಲ್ಲಿ ವಾಹನ ನಿಲ್ಲಿಸುವುದು, ಅದಾಗದಿದ್ದರೆ ಗಾಜಿಗೆ ಹೊರಗಿನಿಂದ ಬಟ್ಟೆ ಹೊದಿಸುವುದು, ಇಷ್ಟು ಸಾಧ್ಯ.

ಕೊಳ್ಳುವ ಕಾಲ ಯಾವುದೆಂಬುದು ಬೇಸಗೆಯ ಈ ಹಾವಳಿಯಿಂದ ತಾನಾಗಿ ತಿಳಿಯುವುದು. ಚಳಿಗಾಲದಲ್ಲಿ ಹೊಸ ಬ್ಲೇಡು ಹಾಕಿಸಿದವರು ಅದನ್ನು ಬೇಸಗೆಗೆ ಬಲಿಕೊಟ್ಟಂತೆ. ಮೇ ತಿಂಗಳ ಕೊನೆಯೇ ತಕ್ಕ ಕಾಲ. ಜಹೀರಾಬಾದು 1980ರ ದಶಕದ ಆಲ್ವಿನ್ ನಿಸಾನ್ ಲಘು ಲಾರಿಗಳ ಕಾಲದಿಂದ ಇಂದಿನ ಮಹೀಂದ್ರಾ ಕಾರ್ಖಾನೆಯವರೆಗೆ ವಾಹನಗಳನ್ನು ನಿರ್ಮಿಸುತ್ತ ಬಂದ ಊರು; ಅಂಥ ಊರಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ರಬ್ಬರು ಮಾತ್ರ ಬೇರೆಯಾಗಿ ದೊರೆಯುವುದೇ ಎಂಬುದು. ಲೋಹದ ಚೌಕಟ್ಟು ಬಾಗದೆ, ಸಂದುಗಳು ಸಡಿಲವಾಗದೆ ಇದ್ದಲ್ಲಿ ರಬ್ಬರಿನ ಪಟ್ಟಿಯನ್ನಷ್ಟೇ ಬದಲಿಸಿದರೆ ಸಾಕು; ಇಡೀ ಬ್ಲೇಡಿಗೆ ತೆರುವುದರ ಒಂದಂಶದಲ್ಲಿ ಕೆಲಸ ಮುಗಿಯುವುದು. ಹೊಸ ಬ್ಲೇಡೇ ಬೇಕಾದಲ್ಲಿ ಹಳೆಯದರ ಉದ್ದವನ್ನು ಅಳೆದು ಹೋಗಬೇಕು: 16 ಅಂಗುಲವೆಂದರೆ ಸುಮಾರು 400 ಮಿಲಿಮೀಟರ್, 20 ಅಂಗುಲವೆಂದರೆ ಸುಮಾರು 500, 24 ಅಂಗುಲವೆಂದರೆ ಸುಮಾರು 600. ಚಾಲಕನ ಕಡೆಯದೂ ಪಕ್ಕದ್ದೂ ಅನೇಕ ಕಾರುಗಳಲ್ಲಿ ಬೇರೆಬೇರೆ ಉದ್ದದವು. ಹೆಚ್ಚು ಗಾಜು ಒರಸಲೆಂದು ಉದ್ದನೆಯದನ್ನು ಹಾಕಿದರೆ ಸ್ಪ್ರಿಂಗಿನ ಅದೇ ಬಲ ಹೆಚ್ಚು ಉದ್ದಕ್ಕೆ ಹಂಚಿ ಒತ್ತಡ ಕುಗ್ಗುವುದು, ಬ್ಲೇಡುಗಳು ಒಂದಕ್ಕೊಂದು ತಾಗುವುದೂ ಉಂಟು. ತೋಳಿನ ತುದಿಯ ಕೊಕ್ಕೆಯ ಆಕಾರವನ್ನೂ ನೋಡಿಕೊಳ್ಳಬೇಕು.

ನ್ಯಾಯವಾದ ಬೆಲೆಯೆಂದರೆ ಅಂಚಿನ ಬೆಲೆಯೆಂದು ತಿಳಿಯತಕ್ಕದ್ದು. ಹೊಳೆಯುವ ಪೆಟ್ಟಿಗೆಗೂ ಕ್ರೋಮಿನ ಚೌಕಟ್ಟಿಗೂ ಹೆಚ್ಚು ತೆರಬೇಕಾದುದಿಲ್ಲ. ಬೆಂಗಳೂರಿನ ಆಡುಗೋಡಿಯಿಂದ ಕನ್ನಡಿಗರಿಗೆ ಪರಿಚಿತವಾದ ಬಾಷ್‌ನಂಥ ತಯಾರಕರು ವಾಹನ ಕಂಪನಿಗಳಿಗೂ ಬ್ಲೇಡು ಒದಗಿಸುವರು, ತಮ್ಮ ಹೆಸರಿನಲ್ಲಿ ಅಂಗಡಿಗೂ ಕಳುಹಿಸುವರು. ವಾಹನದ ಕಂಪನಿಯ ಮುದ್ರೆಯುಳ್ಳದ್ದನ್ನೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲವಾದುದರಿಂದ ಎರಡರ ಬೆಲೆಯನ್ನೂ ಕೇಳಿ ನೋಡುವುದು ವಿವೇಕ. ಪೊಟ್ಟಣದ ಸರಕುಗಳ ಕುರಿತ 2011ರ ನಿಯಮಗಳ ಮೇರೆಗೆ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು ವರ್ಷ, ತಯಾರಕರ ಹೆಸರು ವಿಳಾಸ ಇರಲೇಬೇಕು. ಇಲ್ಲಿ ತಯಾರಿಕೆಯ ತಿಂಗಳು ಬೆಲೆಯಷ್ಟೇ ಮುಖ್ಯ: ಅಂಗಡಿಯ ಬಿಸಿ ಮಾಳಿಗೆಯಲ್ಲಿ ಮೂರು ವರ್ಷ ಕಳೆದ ರಬ್ಬರು ರಿಯಾಯಿತಿಯಲ್ಲಿ ಸಿಕ್ಕರೂ ದುಬಾರಿ. ಸಿಲಿಕೋನಿನ ರಬ್ಬರು ಓಜೋನಿಗೂ ಬಿಸಿಲಿಗೂ ಸುಲಭವಾಗಿ ಸೋಲದಾದ್ದರಿಂದ ಈ ಸೀಮೆಗೆ ಅದರ ಹೆಚ್ಚಿನ ಬೆಲೆಯೂ ಸಮರ್ಥನೀಯವೇ. ಪೊಟ್ಟಣವನ್ನು ತೆರೆಸಿ, ತುಟಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಎರಡು ಪಕ್ಕಕ್ಕೂ ಬಾಗಿಸಿ ಬಿಡಬೇಕು. ಕೂಡಲೇ ನೇರವಾಗಿ ನಿಂತರೆ, ಅಂಚು ಉದ್ದಕ್ಕೂ ಏಕರೇಖೆಯಾಗಿ ಕಂಡರೆ, ಕೊಳ್ಳಲು ಅಡ್ಡಿಯಿಲ್ಲ.

ಹಾಕಿಸುವಾಗ, ಬ್ಲೇಡು ಕಳಚಿದ ತೋಳಿನ ಕೆಳಗೆ ಗಾಜಿನ ಮೇಲೆ ದಪ್ಪ ಬಟ್ಟೆಯನ್ನು ಹಾಸತಕ್ಕದ್ದು. ಸ್ಪ್ರಿಂಗಿನ ಬಲದಿಂದ ತೋಳು ಥಟ್ಟನೆ ಬಡಿದು ಗಾಜು ಸೀಳಿದರೆ ಆ ನಷ್ಟ ಎಷ್ಟೋ ಬ್ಲೇಡುಗಳ ಬೆಲೆಯನ್ನು ಮೀರುವುದು. ಅನಂತರ ಗಾಜನ್ನು ತೊಳೆದು, ನೀರು ಚಿಮುಕಿಸುತ್ತ ನಾಲ್ಕಾರು ಸುತ್ತು ಓಡಿಸಿ ನೋಡಬೇಕು. ಹೊಸ ಬ್ಲೇಡು ಹಳೆಯದು ಬಿಡುತ್ತಿದ್ದ ಜಾಗದಲ್ಲೇ ನೀರು ಬಿಟ್ಟರೆ ದೋಷವು ಬ್ಲೇಡಿನದಾಗಿರದೆ, ಬಾಗಿದ ತೋಳಿನದೋ ದಣಿದ ಸ್ಪ್ರಿಂಗಿನದೋ ಆಗಿರುವ ಸಂಭವ ಹೆಚ್ಚಾದ್ದರಿಂದ, ಇನ್ನೂ ಹೆಚ್ಚು ಬೆಲೆಯ ಮತ್ತೊಂದು ಬ್ಲೇಡನ್ನು ಕೊಳ್ಳುವ ಮುನ್ನ ತೋಳನ್ನು ಮೆಕ್ಯಾನಿಕನಿಗೆ ತೋರಿಸಬೇಕು.