ಲೋಕಲ್ ಡಬ್ಬಿಯ ಕೀಲುಗಳ ಲೆಕ್ಕ

ಮುಂಬೈ ಬಳಿಯ ಮುಂಬ್ರಾ ತಿರುವಿನಲ್ಲಿ 2025ರ ಜೂನ್ 9ರಂದು ಎದುರುಬದುರಾದ ಎರಡು ಲೋಕಲ್ ರೈಲುಗಳಿಂದ ಜನ ಬಿದ್ದು ಸತ್ತಮೇಲೆ ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: ತಿರುವಿನಲ್ಲಿ ಡಬ್ಬಿ ಎಷ್ಟು ಕುಲುಕುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ನೋಡಲು ಬರುವುದಿಲ್ಲವೇ? ಬರುತ್ತದೆ. ಬಾಗಿಲಿಗೆ ಜೋತುಬೀಳಬೇಕಾದ ಜನರ ಪಾಡಿಗೆ ಅದು ಮದ್ದಲ್ಲ, ಅಷ್ಟೇ.

ಇಂದಿನ ಲೋಕಲ್‌ನಲ್ಲಿ ಗಾಲಿಗಳ ಮೇಲೆ ಸುರುಳಿ ಸ್ಪ್ರಿಂಗು, ಅದರ ಮೇಲೆ ಗಾಲಿಗಳನ್ನು ಹಿಡಿದಿಡುವ ಬೋಗಿಯ ಚೌಕಟ್ಟು, ಚೌಕಟ್ಟಿನ ಮೇಲೆ ಗಾಳಿ ತುಂಬಿದ ರಬ್ಬರಿನ ಏರ್ ಸ್ಪ್ರಿಂಗು, ಎಲ್ಲಕ್ಕೂ ಮೇಲೆ ಸುಮಾರು 20 ಮೀಟರ್ ಉದ್ದದ ಡಬ್ಬಿ. ಇವುಗಳಲ್ಲಿ ಯಾವುದೂ ಕಲ್ಲುಗುಂಡಲ್ಲ. ಚೌಕಟ್ಟು ತಿರುಚಿಕೊಳ್ಳುತ್ತದೆ, ಡಬ್ಬಿಯೇ ಬಿಲ್ಲಿನಂತೆ ಬಳುಕುತ್ತದೆ. ರೈಲು ಡಬ್ಬಿಗಳು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಬಾರಿಯ ಆಸುಪಾಸಿನಲ್ಲಿ ಹೀಗೆ ಬಳುಕುತ್ತವೆ.

ಈ ಬಳುಕನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಡಿಯಲು ಒಂದೊಂದು ಭಾಗವನ್ನೂ ಲಕ್ಷಾಂತರ ಬಿಂದುಗಳಾಗಿ ಸೀಳಬೇಕು. ಹಾಗೆ ಮಾಡಿದರೆ ಓಡುವ ಗಾಡಿಯ ಲೆಕ್ಕ ಮುಗಿಯುವುದೇ ಇಲ್ಲ. 1960ರ ದಶಕದಲ್ಲಿ ಎಂಜಿನಿಯರ್ ವಾಲ್ಟರ್ ಹರ್ಟಿ ಒಂದು ಉಪಾಯ ತೋರಿಸಿದರು. 1968ರಲ್ಲಿ ರಾಯ್ ಕ್ರೇಗ್ ಮತ್ತು ಮರ್ವಿನ್ ಬ್ಯಾಂಪ್ಟನ್ ಅದನ್ನು ಸರಳಗೊಳಿಸಿದರು. ಒದ್ದೆ ಸೀರೆಯನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ಕೊಡವುವುದನ್ನು ನೆನೆಯಿರಿ. ಕೈಗಳು ಅಲುಗದಿದ್ದರೂ ನಡುಬಟ್ಟೆ ಕೆಲವೇ ಬಗೆಯಲ್ಲಿ ಅಲೆಯೇಳುತ್ತದೆ. ಒಂದು ಕೈ ಎತ್ತಿದರೆ ಇಡೀ ಸೀರೆಯ ಆಕಾರವೇ ಬದಲಾಗುತ್ತದೆ. ಮೂಲೆಗಳ ಚಲನೆ, ಜೊತೆಗೆ ಆ ಕೆಲವು ಅಲೆಗಳು: ಇಷ್ಟಿಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ಲಕ್ಷಗಳು ಹತ್ತಾರಕ್ಕೆ ಇಳಿಯುತ್ತವೆ. ಪಕ್ಕದ ಸೀರೆಗೆ ಗಂಟು ಹಾಕಬೇಕೆ? ಮೂಲೆ ಮಾತ್ರ ಗೊತ್ತಿದ್ದರೆ ಸಾಕು.

ಗಾಡಿಯಲ್ಲಿ ಗಂಟು ಎಂದರೆ ಎರಡು ಭಾಗ ಸೇರುವ ಕೀಲು. ಅದೇ ಫಜೀತಿ. ಏರ್ ಸ್ಪ್ರಿಂಗಿನ ಬುಡ ಚೌಕಟ್ಟಿನ ಮೇಲೆ ಅಗಲವಾಗಿ ಕೂರುತ್ತದೆ. ಲೆಕ್ಕದಲ್ಲಿ ಅದನ್ನು ಒಂದೇ ಬಿಂದುವಿಗೆ ಕಟ್ಟಿದರೆ ಅಲ್ಲಿ ಇಲ್ಲದ ತಗ್ಗು ಬೀಳುತ್ತದೆ. ಇಡೀ ಬುಡವನ್ನು ಬಾಗದಂತೆ ಬಿಗಿದರೆ ಉಕ್ಕಿಗೆ ಇಲ್ಲದ ಬಿಗುವು ಬರುತ್ತದೆ. ಹೊರೆ ದಾರಿ ತಪ್ಪುತ್ತದೆ, ಬೆಸುಗೆ ಬಿರುಕು ಬಿಡುವ ಜಾಗ ಲೆಕ್ಕದಲ್ಲೊಂದು, ನಿಜದಲ್ಲಿ ಇನ್ನೊಂದು. ‘ಡಿಜಿಟಲ್ ಟ್ವಿನ್’ (ಗಾಡಿಯ ಕಂಪ್ಯೂಟರ್ ಪ್ರತಿರೂಪ) ಮಾರುವವರು ಬಣ್ಣಬಣ್ಣದ ಚಿತ್ರ ತೋರಿಸಿದಾಗ ನಾನು ಮೊದಲು ಕೇಳುವುದು ಇದನ್ನೇ: ಕೀಲನ್ನು ಹೇಗೆ ಕಟ್ಟಿದಿರಿ?

ಇನ್ನು ಪ್ರಯಾಣಿಕರು. ಸ್ವೀಡನ್ನಿನ ಪೆಲ್ಲೆ ಕಾರ್ಲ್‌ಬೊಮ್ ತಮ್ಮ 2000ದ ಪಿಎಚ್‌ಡಿ ಪ್ರಬಂಧದಲ್ಲಿ, ಕೂತ ಜನ ಬರೀ ತೂಕವಲ್ಲ, ಡಬ್ಬಿಯ ಬಳುಕನ್ನೇ ಬದಲಿಸುತ್ತಾರೆ ಎಂದು ತೋರಿಸಿದರು. ಅವರ ಲೆಕ್ಕದ ಜನ ಕೂತವರು. ಠಾಣೆ, ಕಲ್ಯಾಣದ ಬೆಳಗಿನ ಗಾಡಿಯಲ್ಲಿ ಚದರ ಮೀಟರಿಗೆ 14ರಿಂದ 16 ಮಂದಿ ನಿಂತಿರುತ್ತಾರೆ. ರೈಲ್ವೆಯೇ ಅದಕ್ಕೆ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂದು ಹೆಸರಿಟ್ಟಿದೆ. ಒಬ್ಬರಿಗೊಬ್ಬರು ಅಂಟಿ ನಿಂತ ಈ ಜನರನ್ನು ಜಡ ತೂಕವೆಂದು ನೆಲಕ್ಕೆ ಬಿಗಿಯುವುದೂ ಒಂದು ತಪ್ಪು ಗಂಟೇ.