ಕರೆಯದೆ ಬಂದವರ ಗುರುತು

1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯರಾಗಿ ಬಂದ ರೊನಾಲ್ಡ್ ರಾಸ್ ಅವರಿಗೆ ತಮ್ಮ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಯಿತು. ಎಲ್ಲಿಂದ ಬರುತ್ತಿವೆ ಎಂದು ಹುಡುಕಿದಾಗ ಕಿಟಕಿಯ ಹೊರಗೇ ಇದ್ದ ನೀರಿನ ತೊಟ್ಟಿ ಕಣ್ಣಿಗೆ ಬಿತ್ತು. ಅದರ ತುಂಬ ಸೊಳ್ಳೆಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಕೋಣೆಯಲ್ಲಿ ಸೊಳ್ಳೆ ಇಳಿದವು. ಅಧಿಕಾರಿಗಳ ಊಟದ ಮನೆಯಲ್ಲೂ ಹೀಗೇ ಮಾಡೋಣ ಎಂದು ರಾಸ್ ಸೂಚಿಸಿದರು. ಅಲ್ಲಿ ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಮೇಜಿನ ಕಾಲಡಿಯ ತಗಡಿನ ಡಬ್ಬಿಗಳಲ್ಲಿ ಮರಿಗಳಿದ್ದವು. ಆದರೆ ಮೇಲ್ವಿಚಾರಣೆಯ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಒಂದು ಉದ್ದೇಶವಿದೆ, ನಾವು ಸಹಿಸಿಕೊಳ್ಳಬೇಕು ಎಂಬುದು ಅವರ ವಾದ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡುಹಿಡಿದರು. 1902ರಲ್ಲಿ ನೊಬೆಲ್ ಪಡೆದರು.

ಆ ತಗಡಿನ ಡಬ್ಬಿಗಳ ವಿಷಯ ಯೋಚಿಸಬೇಕಾದದ್ದು. ಮೇಜಿನ ಕಾಲಡಿಗೆ ಹಾಗೆ ನೀರಿಡುವುದು ಇರುವೆ ಹತ್ತದಿರಲಿ ಎಂದು. ನಮ್ಮ ಮನೆಗಳಲ್ಲೂ ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ರೂಢಿ ಇತ್ತು, ಕೆಲವೆಡೆ ಈಗಲೂ ಇದೆ. ಇರುವೆಯನ್ನು ತಡೆಯಲು ಇಟ್ಟ ನೀರು ಸೊಳ್ಳೆಗೆ ತೊಟ್ಟಿಲಾಯಿತು. ಬಟ್ಟಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಅಥವಾ ವಾರಕ್ಕೊಮ್ಮೆ ಉಜ್ಜಿ ನೀರು ಬದಲಿಸಿದರೆ ಎರಡೂ ಕಾಟ ತಪ್ಪುತ್ತದೆ. ಒಂದು ಕೀಟವನ್ನು ಓಡಿಸುವ ಉಪಾಯ ಇನ್ನೊಂದಕ್ಕೆ ಬಾಗಿಲು ತೆರೆಯುವುದು, ತಪ್ಪು ಔಷಧಿ ಹೊಡೆದು ಇದ್ದ ಕೀಟವನ್ನೇ ಹೆಚ್ಚಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುವ ಸಂಗತಿ. ಹಿಟ್ಟಿನಲ್ಲಿ ಹುಳು ಕಂಡರೂ ಅದೇ ಸ್ಪ್ರೇ ಡಬ್ಬಿ, ಹಾಸಿಗೆಯಲ್ಲಿ ತಿಗಣೆ ಕಂಡರೂ ಅದೇ. ಬಂದಿರುವುದು ಯಾವುದು, ಏನು ತಿನ್ನಲು ಬಂದಿದೆ, ಯಾವ ಸಂದಿಯಿಂದ ಬಂದಿದೆ ಎಂದು ಕೇಳುವವರು ಕಡಿಮೆ.

ಜಿರಲೆಯನ್ನೇ ನೋಡಿ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಒಂದು ದೊಡ್ಡದು, ಕೆಂಪು ಮಿಶ್ರಿತ ಕಂದು ಬಣ್ಣದ್ದು, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ರಾತ್ರಿ ಬಚ್ಚಲಿನ ದೀಪ ಹಾಕಿದೊಡನೆ ಓಡುವುದು ಇದೇ. ಇದರ ನೆಲೆ ಮೋರಿ, ಮ್ಯಾನ್‌ಹೋಲ್, ಒಳಚರಂಡಿಯ ಕೊಳವೆ. ನಮ್ಮ ಮನೆಗೆ ಅದು ಬರೀ ಸಂಚಾರಿ. ಹೀಗಾಗಿ ಅದಕ್ಕೆ ಅಡುಗೆಮನೆಯಲ್ಲಿ ಔಷಧಿ ಹೊಡೆದರೆ ಪ್ರಯೋಜನ ಕಡಿಮೆ. ಬಚ್ಚಲ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಬೇಕು, ಬಳಸದ ಕಿಂಡಿಗೆ ಮುಚ್ಚಳ ಇಡಬೇಕು, ಸಿಂಕಿನ ಕೊಳವೆ ಗೋಡೆ ಹೊಕ್ಕುವ ಕಡೆ ಸುತ್ತಲಿನ ಬಿರುಕನ್ನು ಸಿಮೆಂಟಿನಿಂದ ಮುಚ್ಚಬೇಕು.

ಇನ್ನೊಂದು ಚಿಕ್ಕದು. ಒಂದೂವರೆ ಸೆಂಟಿಮೀಟರ್ ಉದ್ದದ್ದು, ಗೋಧಿ ಬಣ್ಣದ್ದು, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವುದು. ನಿಜವಾದ ತೊಂದರೆ ಇದರದು, ಏಕೆಂದರೆ ಇದು ಮನೆಯೊಳಗೇ ಸಂಸಾರ ಹೂಡುತ್ತದೆ. ಫ್ರಿಜ್ಜಿನ ಮೋಟಾರಿನ ಹಿಂದೆ, ಮಿಕ್ಸಿಯ ತಳದಲ್ಲಿ, ಕಪಾಟಿನ ಬಾಗಿಲ ತಿರುಗಣಿಯಲ್ಲಿ, ಬೆಚ್ಚಗೆ ಕತ್ತಲೆಯಿದ್ದಲ್ಲೆಲ್ಲ ಸೇರಿಕೊಳ್ಳುತ್ತದೆ. ಹೆಸರಿಗೆ ಜರ್ಮನ್ ಜಿರಲೆ. 1767ರಲ್ಲಿ ಲಿನ್ನೇಯಸ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ಆದರೆ ಹಲವು ದೇಶಗಳ ಜಿರಲೆಗಳ ವಂಶವಾಹಿಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇದರ ಮೂಲ ಭಾರತ ಅಥವಾ ಮ್ಯಾನ್ಮಾರ್. ಸುಮಾರು 2,100 ವರ್ಷಗಳ ಹಿಂದೆ ಇಲ್ಲಿನ ಹೊಲಗದ್ದೆಯ ಜಿರಲೆಯೊಂದು ಮನುಷ್ಯರ ವಾಸಕ್ಕೆ ಒಗ್ಗಿಕೊಂಡು ಬೇರೆಯೇ ಪ್ರಭೇದವಾಯಿತು. ಇವತ್ತು ಅದಕ್ಕೆ ಕಾಡಿನಲ್ಲಿ ನೆಲೆಯೇ ಇಲ್ಲ. ಮನುಷ್ಯನ ಮನೆಯೇ ಅದರ ಕಾಡು.

ಈ ಚಿಕ್ಕ ಜಿರಲೆಯ ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳಿರುವ ಚೀಲವೊಂದನ್ನು ಬೆನ್ನ ತುದಿಯಲ್ಲಿ ಹೊತ್ತೇ ತಿರುಗುತ್ತದೆ, ಮರಿ ಹೊರಬರುವ ಹೊತ್ತಿಗೆ ಅದನ್ನು ಇಳಿಸುತ್ತದೆ. ಸ್ಪ್ರೇ ಹೊಡೆದಾಗ ಕಣ್ಣೆದುರಿನ ನಾಲ್ಕು ಸಾಯುತ್ತವೆ, ಉಳಿದವು ಘಾಟಿಗೆ ಹೆದರಿ ಇನ್ನೂ ಆಳದ ಸಂದಿಗೆ, ಕೆಲವೊಮ್ಮೆ ಪಕ್ಕದ ಫ್ಲ್ಯಾಟಿಗೆ ಹೋಗುತ್ತವೆ. ಇದಕ್ಕೆ ಸ್ಪ್ರೇಗಿಂತ ಜೆಲ್ ಲೇಸು. ಸಾಸಿವೆಯಷ್ಟು ಗಾತ್ರದ ಚುಕ್ಕಿಗಳನ್ನು ಸಂದಿಗಳಲ್ಲಿ ಇಟ್ಟರೆ ಜಿರಲೆ ತಿಂದು ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಜಾಗದಲ್ಲಿ ಮಾತ್ರ ಸ್ಪ್ರೇ ಹೊಡೆಯಕೂಡದು, ಫಿನೈಲ್ ಒರೆಸಕೂಡದು. ವಾಸನೆಗೆ ಜಿರಲೆ ಅತ್ತ ಸುಳಿಯುವುದಿಲ್ಲ. ಕೇರಂ ಹಲಗೆಗೆ ಹಾಕುವ ಬೋರಿಕ್ ಪುಡಿಯನ್ನು ಮೈದಾ, ಸಕ್ಕರೆಯೊಂದಿಗೆ ಕಲಸಿ ಉಂಡೆ ಮಾಡಿಡುವ ಹಳೆಯ ಉಪಾಯವೂ ಕೆಲಸ ಮಾಡುತ್ತದೆ, ನಿಧಾನವಾಗಿ. ಅಂಬೆಗಾಲಿಡುವ ಮಗುವೋ ಸಾಕುನಾಯಿಯೋ ಇರುವ ಮನೆಯಲ್ಲಿ ಆ ಉಂಡೆ ಕೈಗೆಟುಕುವಲ್ಲಿ ಇರಬಾರದು. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಜೆಲ್‌ನಲ್ಲಿನ ಗ್ಲೂಕೋಸಿನ ಸಿಹಿಯನ್ನೇ ಕಹಿಯೆಂದು ತಿರಸ್ಕರಿಸುವ ಜಿರಲೆಗಳು ಅಮೆರಿಕದಲ್ಲಿ ಹುಟ್ಟಿಕೊಂಡದ್ದು 1990ರ ದಶಕದಲ್ಲೇ ಬೆಳಕಿಗೆ ಬಂತು. ಹಾಗಾಗಿ ಒಂದೇ ಬಗೆಯ ಜೆಲ್ಲನ್ನು ವರ್ಷಗಟ್ಟಲೆ ಹಾಕುವ ಬದಲು ಆಗಾಗ ಬದಲಿಸಬೇಕು. ರಾತ್ರಿ ಸಿಂಕನ್ನು ಒಣಗಿಸಿ ಒರೆಸಿ, ಮುಸುರೆ ಪಾತ್ರೆ ಉಳಿಸದೆ ಮಲಗಿದರೆ ಜೆಲ್ ಇನ್ನೂ ಬೇಗ ಫಲ ಕೊಡುತ್ತದೆ. ತಿನ್ನಲು ಬೇರೇನೂ ಇಲ್ಲದಾಗಲೇ ಜಿರಲೆ ಜೆಲ್ಲಿಗೆ ಬಾಯಿ ಹಾಕುವುದು.

ಗೆದ್ದಲನ್ನು ಹಲವರು ಬಿಳಿ ಇರುವೆ ಎಂದುಕೊಂಡಿದ್ದಾರೆ. ಅದು ಇರುವೆಯ ಬಳಗವಲ್ಲ, ಜಿರಲೆಯ ಬಳಗ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುಗಿಬೀಳುವ ಮಳೆಹುಳುಗಳು ಗೆದ್ದಲಿನ ರೆಕ್ಕೆ ಬಂದ ಗಂಡು ಹೆಣ್ಣುಗಳು. ಇರುವೆಗೂ ರೆಕ್ಕೆ ಬರುವುದುಂಟು. ಗುರುತು ಹಿಡಿಯುವುದು ಸುಲಭ: ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆ, ಸೊಂಟ ದಪ್ಪ, ಮೀಸೆ ನೇರ. ಇರುವೆಯ ಮುಂದಿನ ರೆಕ್ಕೆ ಉದ್ದ, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ಹೊರಗಿನ ದೀಪಕ್ಕೆ ಬಂದ ಮಳೆಹುಳುವಿಗೆ ಹೆದರಬೇಕಿಲ್ಲ. ಆದರೆ ಮುಚ್ಚಿದ ಕೋಣೆಯೊಳಗೇ ಕಿತ್ತುಬಿದ್ದ ರೆಕ್ಕೆಗಳ ರಾಶಿ ಕಂಡರೆ ಗೂಡು ಹತ್ತಿರದಲ್ಲೇ ಇದೆ.

ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡೊಡನೆ ಕೆರೆದು ಸೀಮೆಎಣ್ಣೆ ಒರೆಸುವುದು ರೂಢಿ. ಅದರಿಂದ ಆ ಗೆರೆಯೊಳಗಿನ ಕೆಲವು ಕೆಲಸಗಾರ ಹುಳುಗಳು ಸಾಯುತ್ತವೆ, ಅಷ್ಟೆ. ರಾಣಿ ಇರುವುದು ಮಣ್ಣಿನಲ್ಲಿ. ಗೆರೆಯನ್ನು ಒಂದೆರಡು ಅಂಗುಲ ಮುರಿದು ನಾಲ್ಕು ದಿನ ಬಿಟ್ಟು ನೋಡಬೇಕು. ಮತ್ತೆ ಮಣ್ಣು ಮೆತ್ತಿದ್ದರೆ ಗೂಡು ಜೀವಂತವಾಗಿದೆ ಎಂದರ್ಥ. ಆಗ ಬಲ್ಲವರನ್ನು ಕರೆಸುವುದೇ ಸರಿ. ಅವರು ನೆಲ ಮತ್ತು ಗೋಡೆ ಕೂಡುವ ಮೂಲೆಯುದ್ದಕ್ಕೂ ಸಣ್ಣ ತೂತು ಕೊರೆದು ಔಷಧಿ ಇಳಿಸಿ ಸಿಮೆಂಟಿನಿಂದ ಮುಚ್ಚುತ್ತಾರೆ. ಇದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 6313 ಎಂಬ ಸಂಹಿತೆಯೇ ಇದೆ. ಅದರ ಎರಡನೇ ಭಾಗ ಕಟ್ಟುವ ಮೊದಲು ಮಾಡುವ ಉಪಚಾರಕ್ಕೆ, ಮೂರನೇ ಭಾಗ ಕಟ್ಟಿದ ಮನೆಗೆ. ಹೊಸ ಮನೆ ಕಟ್ಟಿಸುವವರು ಪಾಯದ ಹಂತದಲ್ಲೇ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಆಮೇಲೆ ತಗಲುವ ಖರ್ಚು, ರೇಜಿಗೆ ಎರಡೂ ಹೆಚ್ಚು.

ಮರದಿಂದ ಮಣ್ಣಿನ ಬದಲು ನಯವಾದ ಹುಡಿ ಉದುರುತ್ತಿದ್ದರೆ, ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಗೆದ್ದಲಲ್ಲ, ಮರ ಕೊರೆಯುವ ದುಂಬಿ. ಅದಕ್ಕೆ ನೆಲ ಕೊರೆಸಿ ಹಣ ಚೆಲ್ಲುವುದು ವ್ಯರ್ಥ. ಚಿಕಿತ್ಸೆ ಆ ಮರಕ್ಕೆ ಬೇಕು.

ಅಡುಗೆ ಕಟ್ಟೆಯ ಮೇಲೆ ಸಾಲುಗಟ್ಟುವ ಹಳದಿ ಬಣ್ಣದ ಅತಿ ಸಣ್ಣ ಇರುವೆಗಳಲ್ಲಿ ಫೇರೋ ಇರುವೆ ಎಂಬುದೊಂದಿದೆ. ಇದಕ್ಕೆ ಸ್ಪ್ರೇ ಹೊಡೆದರೆ ಗೂಡು ಒಡೆದು, ಹಲವು ರಾಣಿಯರು ಬೇರೆ ಬೇರೆ ದಿಕ್ಕಿಗೆ ಚದುರಿ, ಒಂದಿದ್ದ ಗೂಡು ನಾಲ್ಕಾಗುತ್ತದೆ. ಸಕ್ಕರೆ ಪಾಕದಲ್ಲಿ ಸ್ವಲ್ಪವೇ ಬಿಳಿಗಾರ ಕದಡಿ ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಟ್ಟರೆ ಇರುವೆಗಳೇ ಅದನ್ನು ಹೊತ್ತು ರಾಣಿಗೆ ಉಣಿಸುತ್ತವೆ.

ತಿಗಣೆಯ ವಿಷಯದಲ್ಲಿ ನಾಚಿಕೆಯೇ ದೊಡ್ಡ ಅಡ್ಡಿ. ಕೊಳಕು ಮನೆಗೆ ಮಾತ್ರ ಬರುತ್ತದೆಂಬ ನಂಬಿಕೆಯಿಂದ ಜನ ಹೇಳಿಕೊಳ್ಳುವುದಿಲ್ಲ, ಅಷ್ಟರಲ್ಲಿ ಅದು ಮೂರು ಕೋಣೆಗೆ ಹರಡಿರುತ್ತದೆ. ತಿಗಣೆಗೆ ಬೇಕಾದದ್ದು ನಮ್ಮ ರಕ್ತ ಮಾತ್ರ. ಪಿ.ಜಿ.ಯ ಮಂಚ, ರಾತ್ರಿ ಬಸ್ಸಿನ ಸೀಟು, ಲಾಡ್ಜಿನ ಹಾಸಿಗೆ, ಅಗ್ಗಕ್ಕೆ ಕೊಂಡ ಹಳೆಯ ಸೋಫಾ, ಇವೇ ಅದರ ವಾಹನ. ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ಕೀಲುಗಳಲ್ಲಿ ಶಾಯಿ ಚುಕ್ಕಿಯಂಥ ಕಪ್ಪು ಕಲೆಗಳಿದ್ದರೆ ಅದೇ ಗುರುತು. ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಈ ಹುಳು ಅನೇಕ ಕೀಟನಾಶಕಗಳಿಗೆ ಬಗ್ಗದಂತಾಗಿದೆ, ಆದರೆ ಶಾಖಕ್ಕೆ ಬಗ್ಗುತ್ತದೆ. ಮಂಚದ ಕೀಲುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದ ಅಜ್ಜಿಯರ ಲೆಕ್ಕ ಸರಿಯಾಗಿಯೇ ಇತ್ತು. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ತಿಗಣೆಯೂ ಅದರ ಮೊಟ್ಟೆಯೂ ಉಳಿಯವು. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿಯ ಬಿಸಿನೀರಲ್ಲಿ ಒಗೆದು, ಮಂಚದ ಕೀಲು ಬಿಚ್ಚಿ ಹಬೆ ಹಾಯಿಸಿ, ಎರಡು ವಾರದ ನಂತರ ಮತ್ತೊಮ್ಮೆ ಅದನ್ನೇ ಮಾಡಬೇಕು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಕಡಿತ ತುರಿಸುತ್ತದೆ, ನಿದ್ದೆ ಕೆಡಿಸುತ್ತದೆ. ರೋಗ ಹರಡಿದ್ದಕ್ಕೆ ಮಾತ್ರ ಪುರಾವೆ ಇಲ್ಲ.

ರೋಗ ಹರಡುವ ಮಾತು ಬಂದರೆ ಸೊಳ್ಳೆಗೇ ಅಗ್ರಸ್ಥಾನ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುತ್ತವೆ, ಇಷ್ಟಪಡುವುದು ತಿಳಿನೀರನ್ನು. ಫ್ರಿಜ್ಜಿನ ಹಿಂದಿನ ತಟ್ಟೆ, ಮುಚ್ಚಳ ಸರಿಯಿಲ್ಲದ ಸಂಪು, ಹಳೆಯ ಟೈರು, ಮಲೆನಾಡು ಕರಾವಳಿಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ಇಷ್ಟು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುವುದರ ಹಿಂದಿನ ಲೆಕ್ಕ ಇದು. ಬರೀ ಚೆಲ್ಲಿದರೆ ಸಾಲದು. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಉಜ್ಜಲೇಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ಇಲಿಯ ಚರಿತ್ರೆ ಬೆಂಗಳೂರಿನ ಬೀದಿಗಳಲ್ಲೇ ಇದೆ. 1898ರಲ್ಲಿ ಇಲಿಯ ಚಿಗಟಗಳಿಂದ ಹರಡಿದ ಪ್ಲೇಗ್ ಇಕ್ಕಟ್ಟಾದ ಪೇಟೆಯನ್ನು ನಡುಗಿಸಿದಾಗ, ಗಾಳಿ ಬೆಳಕಿರುವ ಅಗಲ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಮಳೆಗಾಲದಲ್ಲಿ ಕಾಣುವ ಇಲಿಜ್ವರದ ರೋಗಾಣು ಇಂದಿಗೂ ಹೆಚ್ಚಾಗಿ ಇಲಿಯ ಮೂತ್ರದಿಂದ ನೀರಿಗೆ ಸೇರುತ್ತದೆ. ಅಕ್ಕಿಕಾಳಿನಷ್ಟೇ ಚಿಕ್ಕ, ತುದಿ ಚೂಪಾದ ಹಿಕ್ಕೆ ಚಿಟ್ಟಿಲಿಯದು, ಅದರ ಎರಡು ಮೂರು ಪಟ್ಟು ಉದ್ದದ್ದು ದೊಡ್ಡ ಇಲಿಯದು. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಸ್ಟೀಲಿನ ನಾರು ತುರುಕಿ ಸಿಮೆಂಟು ಮೆತ್ತಿದರೆ ಅದನ್ನು ಕಡಿಯಲಾರದು. ಉದ್ದ ಮೂತಿಯ, ಕಟುವಾಸನೆಯ ಮೂಗಿಲಿ ಮಾತ್ರ ಬೇರೆಯೇ ಪ್ರಾಣಿ. ಅದು ಜಿರಲೆ, ಹುಳುಗಳನ್ನು ತಿನ್ನುತ್ತದೆ. ಅದನ್ನು ಹೊರಗಟ್ಟಿದರೆ ಸಾಕು, ಕೊಲ್ಲುವ ಅಗತ್ಯವಿಲ್ಲ.

ದವಸದ ಹುಳುಗಳಿಗೆ ಕರ್ನಾಟಕದ ಅಡುಗೆಮನೆ ಎಂದೋ ಪರಿಹಾರ ಕಂಡುಕೊಂಡಿದೆ. ಅಕ್ಕಿಯ ಸೊಂಡಿಲ ಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುತ್ತದೆ, ಹೆಸರುಕಾಳು ಅಲಸಂದೆಯ ದುಂಬಿ ಕಾಳಿನ ಮೇಲೆ ಬಿಳಿ ಚುಕ್ಕಿಯಂತೆ ಮೊಟ್ಟೆ ಅಂಟಿಸುತ್ತದೆ. ಬೇಳೆಕಾಳಿಗೆ ಹರಳೆಣ್ಣೆ ಸವರಿದರೆ ಮೇಲಿನ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ರವೆ ತಂದೊಡನೆ ಹುರಿದಿಟ್ಟರೆ ಒಳಗಿರುವ ಮೊಟ್ಟೆ ಸಾಯುತ್ತದೆ. ಹಳೇ ಮೈಸೂರು ಸೀಮೆಯವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಿಟ್ಟರು. ಅಲ್ಲಿ ಹುಳುವಿಗೆ ಆಮ್ಲಜನಕವೇ ಇಲ್ಲ. ಮನುಷ್ಯನಿಗೂ ಇಲ್ಲ. ಅದಕ್ಕೇ ಹಗೇವಿನ ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿದ ಮೇಲಷ್ಟೇ ಇಳಿಯುತ್ತಿದ್ದರು.

ಇಂಥ ಎಚ್ಚರ ಈಗಿನ ವಿಷದ ಮಾತ್ರೆಗಳ ವಿಷಯದಲ್ಲಿ ಇಲ್ಲದಿರುವುದು ಆತಂಕದ ಸಂಗತಿ. ಗೋದಾಮುಗಳಿಗೆಂದೇ ಇರುವ ಅಲ್ಯುಮಿನಿಯಂ ಫಾಸ್ಫೈಡ್ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇದರ ಬಳಕೆಯನ್ನು ಕಾನೂನು ತಜ್ಞರ ಮೇಲ್ವಿಚಾರಣೆಗೆ ಮಾತ್ರ ಸೀಮಿತಗೊಳಿಸಿದೆ. ಜನ ವಾಸಿಸುವ ಮನೆಯಲ್ಲಿ, ಅಕ್ಕಿಡಬ್ಬಿಯಲ್ಲಿ, ಇಲಿಬಿಲದಲ್ಲಿ ಅದನ್ನು ಇಡಲೇಬಾರದು. ಅಂಗಡಿಯಲ್ಲಿ ಕೀಟನಾಶಕ ಕೊಳ್ಳುವಾಗ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ನೋಡಬೇಕು. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಕೀಟ ನಿಯಂತ್ರಣದವರು ಮನೆಗೆ ಬಂದರೆ ಪರವಾನಗಿ ತೋರಿಸಲು ಹೇಳಬೇಕು, ಔಷಧಿಯ ಹೆಸರು ಬರೆಸಿಕೊಳ್ಳಬೇಕು, ಎಷ್ಟು ಗಂಟೆ ಹೊರಗಿರಬೇಕು ಎಂದು ಕೇಳಿಕೊಂಡು ಅಷ್ಟೂ ಹೊತ್ತು ಹೊರಗಿರಬೇಕು. ಮರಳಿದ ಮೇಲೆ ಯಾರಿಗಾದರೂ ವಾಂತಿ, ಉಸಿರಾಟದ ತೊಂದರೆ ಕಾಣಿಸಿದರೆ ಎಲ್ಲರೂ ಮನೆಯಿಂದ ಹೊರಗೆ ಬಂದು ತಕ್ಷಣ 108ಕ್ಕೆ ಕರೆ ಮಾಡಬೇಕು. ಔಷಧಿಯ ಹೆಸರು ಬರೆಸಿಕೊಂಡ ಆ ಚೀಟಿಯನ್ನು ಆಸ್ಪತ್ರೆಗೆ ಒಯ್ಯಲು ಮರೆಯಬಾರದು, ಯಾವ ವಿಷವೆಂದು ತಿಳಿದರೆ ವೈದ್ಯರು ತಡಮಾಡದೆ ಚಿಕಿತ್ಸೆ ಆರಂಭಿಸಬಹುದು.