‘ಪರ್ಮಿಟ್ ರೂಮ್’: ಪರ್ಮಿಟ್ ಯಾರದ್ದು?

ಮುಂಬೈಯ ಸಯನ್, ಚೆಂಬೂರು, ಅಂಧೇರಿ, ಎಲ್ಲಿ ರೈಲಿಳಿದರೂ ಒಂದು ‘ರೆಸ್ಟೋರೆಂಟ್ ಆ್ಯಂಡ್ ಬಾರ್’ ಸಿಗುತ್ತದೆ. ಬೋರ್ಡಿನ ಮೂಲೆಯಲ್ಲಿ ‘ಪರ್ಮಿಟ್ ರೂಮ್’ ಎಂದಿರುತ್ತದೆ. ಎಷ್ಟೋ ಕಡೆ ಗಲ್ಲಾದಲ್ಲಿ ಕೂತವರ ಮಾತು ತುಳು, ತಲೆಯ ಮೇಲೆ ಕಟೀಲಮ್ಮನ ಪಟ. ನಮ್ಮವರೇ ಬೆಳೆಸಿದ ಈ ಜಾಗದ ಬಗ್ಗೆ ನಮ್ಮಲ್ಲೇ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ.

ತಪ್ಪು ಕಲ್ಪನೆ: ಪರ್ಮಿಟ್ ಎಂದರೆ ಮಾಲೀಕರ ಲೈಸೆನ್ಸ್.
ಸತ್ಯ: ಮಾಲೀಕರ ಲೈಸೆನ್ಸ್ ಬೇರೆ, ಪರ್ಮಿಟ್ ಕುಡಿಯುವವರದ್ದು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಮದ್ಯವನ್ನು ನಿಷೇಧಿಸಿ, ಪರ್ಮಿಟ್ ಪಡೆದವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಂಥವರು ಕೂರುವ ಕೋಣೆಯೇ ಪರ್ಮಿಟ್ ರೂಮ್.

ತಪ್ಪು ಕಲ್ಪನೆ: ಆ ಕಾಯ್ದೆ ಯಾವತ್ತೋ ರದ್ದಾಗಿದೆ.
ಸತ್ಯ: ಸಡಿಲವಾಗಿದೆ, ರದ್ದಾಗಿಲ್ಲ. ಮಹಾರಾಷ್ಟ್ರ ಪಾನನಿರೋಧ ಕಾಯ್ದೆ ಎಂಬ ಹೆಸರಿನಲ್ಲಿ ಈಗಲೂ ಇದೆ. 1960ರಲ್ಲಿ ಮುಂಬಯಿ ರಾಜ್ಯ ಇಬ್ಭಾಗವಾದಾಗ ಗುಜರಾತಿಗೂ ಇದೇ ಕಾಯ್ದೆ ಹೋಯಿತು. ಅಲ್ಲಿ ಬಿಗಿಯಾಗಿಯೇ ಉಳಿಯಿತು.

ತಪ್ಪು ಕಲ್ಪನೆ: ಮುಂಬೈಯ ಹಳೆಯ ಬಾರ್‌ಗಳು ಇಂಗ್ಲಿಷ್ ಪಬ್ಬಿನ ನಕಲು.
ಸತ್ಯ: ಕೊಲಾಬಾದ ಪ್ರಸಿದ್ಧ ಲಿಯೋಪೋಲ್ಡ್ ಕೆಫೆಯನ್ನು 1871ರಲ್ಲಿ ತೆರೆದವರು ಇರಾನಿಗಳು, ಆಗ ಅದು ಅಡುಗೆ ಎಣ್ಣೆಯ ಸಗಟು ಅಂಗಡಿ. ಇನ್ನು ಪರ್ಮಿಟ್ ರೂಮ್‌ಗಳ ದೊಡ್ಡ ಪಾಲನ್ನು ನಡೆಸಿದವರು ತುಳುನಾಡಿನ ಬಂಟರು. ಬೋರ್ಡಿನ ಕತೆಯೂ ಬೇರೆ. 1393ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್ ಮದ್ಯದಂಗಡಿಗೆ ಫಲಕ ಕಡ್ಡಾಯ ಮಾಡಿದ್ದು ಅಂಗಡಿ ಗುರುತಿಸಲು. ನಮ್ಮ ಬೋರ್ಡು ಹೇಳುವುದು ಗಿರಾಕಿಯ ಅರ್ಹತೆಯನ್ನು.

ತಪ್ಪು ಕಲ್ಪನೆ: ಮುಂಬೈ ಬಾರ್ ಎಂದರೆ ಡಾನ್ಸ್ ಬಾರ್.
ಸತ್ಯ: 2005ರಲ್ಲಿ ಸರ್ಕಾರ ನಿಷೇಧಿಸಿದ್ದು, 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಒಪ್ಪದೆ ಹೋದದ್ದು ಬಾರ್‌ಗಳಲ್ಲಿನ ನೃತ್ಯದ ವಿಚಾರದಲ್ಲಿ. ಸಾಮಾನ್ಯ ಪರ್ಮಿಟ್ ರೂಮಿನಲ್ಲಿ ಕಾಣುವುದು ಸನ್‌ಮೈಕಾ ಮೇಜು, ಪುಟ್ಟ ಬಟ್ಟಲಲ್ಲಿ ಉಪ್ಪು ಹಚ್ಚಿದ ಕಡಲೆಕಾಯಿ, ಪಾಳಿ ಮುಗಿಸಿ ಬಂದ ಕೆಲಸಗಾರ. ಅಡುಗೆಮನೆಯಿಂದ ಕೋಳಿ ಸುಕ್ಕದ ಘಮ.

ತಪ್ಪು ಕಲ್ಪನೆ: ಇದು ಸುಲಭದ ದುಡ್ಡು.
ಸತ್ಯ: ಈ ಉದ್ಯಮದ ಹಿಂದಿನ ತಲೆಮಾರಿನಲ್ಲಿ ಅನೇಕರು ಹುಡುಗರಾಗಿದ್ದಾಗಲೇ ಊರು ಬಿಟ್ಟು ಬಂದವರು. ಹಗಲಿಡೀ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ನಿದ್ದೆ ತಡೆದು ಅಕ್ಷರ ಕಲಿತವರು. ಗಲ್ಲಾದ ಕುರ್ಚಿ ಅವರಿಗೆ ಸಿಕ್ಕಿದ್ದು ಆ ಬೆಂಚಿನ ದಾರಿಯಾಗಿ.